ಚಿನ್ನದಕ್ಷರದ ಕಡತ

ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ಮಂಡಳಿಯ ಮಾತನ್ನು ಯಾರೂ ಎತ್ತಕೂಡದೆಂದು ಮನೆಯೊಡತಿ ಕಟ್ಟಪ್ಪಣೆ ಮಾಡಿದ್ದಳು. ಎತ್ತಿದವರು ಆ ಹೊತ್ತಿನ ಪಾತ್ರೆಯನ್ನೆಲ್ಲ ತೊಳೆಯಬೇಕು. ಹನ್ನೊಂದು ತಿಂಗಳಿಂದ ಈ ಕಾನೂನು ಜಾರಿಯಲ್ಲಿತ್ತು, ಹನ್ನೊಂದು ತಿಂಗಳಿಂದಲೂ ಹೆಚ್ಚಿನ ಪಾತ್ರೆಗಳು ಅವಳ ಗಂಡನ ಪಾಲಿಗೇ ಬರುತ್ತಿದ್ದವು. ಬಾಯಿ ಕಟ್ಟಿಕೊಂಡಿರುವ ವಿದ್ಯೆ ಅವನಿಗೆ ಒಲಿದಿರಲಿಲ್ಲ. ಮೊದಲ ತುತ್ತು ಎತ್ತುವ ಮುಂಚೆಯೇ ಸೊಸೆಯ ಕಡೆ ತಿರುಗಿ, ಇವತ್ತೇನಾದರೂ ಪತ್ರ ಬಂತೇನಮ್ಮ ಎಂದು ಕೇಳಿಬಿಡುತ್ತಿದ್ದ. ಯಾರ ಪತ್ರ ಎಂದು ಹೆಂಡತಿ ಹುಬ್ಬು ಹಾರಿಸಿದರೆ, ಅದೇ, ಆ ಮಂಡಳಿಯವರದು ಎಂದು ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಅಷ್ಟರಲ್ಲಿ ಮಗ ಎದ್ದು ಹೋಗಿ ಪಾತ್ರೆ ತೊಳೆಯುವ ಸೋಪನ್ನು ತಂದು ಅಪ್ಪನ ತಟ್ಟೆಯ ಪಕ್ಕ ಇಟ್ಟಿರುತ್ತಿದ್ದ.

ಬೀದಿಯವರು ಅವನನ್ನು ಗೋಂದಪ್ಪ ಎಂದು ಕರೆಯುತ್ತಿದ್ದರು. ಪುಸ್ತಕಗಳಿಗೆ ರಟ್ಟು ಹಾಕುವುದು ಅವನ ನಲವತ್ತೊಂದು ವರ್ಷದ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಒಂದು ಒತ್ತುಯಂತ್ರ, ಒಂದು ಕತ್ತರಿಸುವ ಯಂತ್ರ, ಗೋಡೆಯುದ್ದಕ್ಕೂ ರಟ್ಟು ಮತ್ತು ಬಟ್ಟೆಯ ಸುರುಳಿ. ಹಾಳೆಗಳ ಕಟ್ಟುಗಳನ್ನು ದಾರದಲ್ಲಿ ಹೊಲಿಯುವುದು ಹೆಂಡತಿಯ ಪಾಲು, ಹೊದಿಕೆ ಹಾಕಿ ಹೆಸರು ಅಚ್ಚೊತ್ತುವುದು ಅವನ ಪಾಲು. ಗೋಂದಪ್ಪ ಎಂಬ ಅಡ್ಡಹೆಸರಿನ ಮೇಲೆ ಅವನಿಗೆ ಒಂದೇ ಒಂದು ತಕರಾರಿತ್ತು. ಅವನು ಜನ್ಮದಲ್ಲಿ ಗೋಂದು ಮುಟ್ಟಿದವನಲ್ಲ. ಮೈದಾ ಹಿಟ್ಟನ್ನು ತಾನೇ ಕಾಸಿ ಅಂಟು ಮಾಡಿಕೊಳ್ಳುತ್ತಿದ್ದ, ಆ ಹಿಟ್ಟು ಅಡುಗೆಮನೆಯ ಡಬ್ಬಿಯಿಂದಲೇ ಹೋಗುತ್ತಿತ್ತು. ಅದಕ್ಕಾಗಿ ಗಂಡ ಹೆಂಡತಿಯ ನಡುವೆ ವಾರಕ್ಕೊಂದು ಜಗಳ ನಡೆಯುತ್ತಿತ್ತು.

ಸೊಸೆ ಹುಟ್ಟಿ ಬೆಳೆದದ್ದು, ಓದಿದ್ದು ಬೇರೆ ದೇಶದಲ್ಲಿ. ಮನೆಮಾತು ಮಾತ್ರ ಇವರದೇ. ಮಗ ಲಿಫ್ಟ್ ಮೆಕ್ಯಾನಿಕ್ಕು. ಒಂದು ವರ್ಷದ ಮಟ್ಟಿಗೆ ಆ ದೇಶಕ್ಕೆ ಕೆಲಸಕ್ಕೆ ಹೋದವನು ಒಂದು ಆಸ್ಪತ್ರೆಯ ಲಿಫ್ಟು ರಿಪೇರಿ ಮಾಡುವಾಗ ಬೆನ್ನು ಉಳುಕಿಸಿಕೊಂಡ. ಅಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಹುಡುಗಿ ಆ ಬೆನ್ನನ್ನು ಸರಿಮಾಡಿದಳು. ಬೆನ್ನು ಸರಿಹೋದ ಮೇಲೂ ಅವನು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದೇನೆಂದರೆ, ಹೊರದೇಶದಲ್ಲಿ ಓದಿದವರು ಇಲ್ಲಿನ ನೋಂದಣಿ ಮಂಡಳಿಗೆ ಮೂಲ ಪ್ರಮಾಣಪತ್ರಗಳನ್ನು ಕೊಟ್ಟು, ಅವರು ಪರೀಕ್ಷಿಸಿ ನೋಂದಣಿ ಸಂಖ್ಯೆ ಕೊಟ್ಟ ಮೇಲಷ್ಟೇ ರೋಗಿಯ ಮೈಮೇಲೆ ಕೈ ಇಡಬಹುದು. ಮೂರು ತಿಂಗಳಾಗಬಹುದು ಅಂದಿದ್ದರು. ಹನ್ನೊಂದಾಗಿತ್ತು.

ಈ ಹನ್ನೊಂದು ತಿಂಗಳಲ್ಲಿ ಅವಳು ಮುಟ್ಟಿದ ರೋಗಿ ಒಬ್ಬಳೇ, ಅವಳ ಅತ್ತೆ. ಹೊಲಿದು ಹೊಲಿದು ಅತ್ತೆಯ ಬಲಭುಜ ಮರಗಟ್ಟಿತ್ತು, ಮೇಲಿನ ಶೆಲ್ಫಿನ ಡಬ್ಬಿ ತೆಗೆಯಲು ಕೈ ಏಳುತ್ತಿರಲಿಲ್ಲ. ಅತ್ತೆಯ ಭುಜಕ್ಕೆ ಯಾವ ಮಂಡಳಿಯ ಅಪ್ಪಣೆಯೂ ಬೇಡವೆಂದು ಸೊಸೆ ದಿನಾ ಬೆಳಿಗ್ಗೆ ಚಹಾಕ್ಕೆ ಮುಂಚೆ ಆ ಕೈಯನ್ನು ಹಿಡಿದು ಎತ್ತಿ, ತಿರುಗಿಸಿ, ಗೋಡೆಯ ಮೇಲೆ ಬೆರಳಲ್ಲಿ ಹತ್ತಿಸಿ, ನಾಲ್ಕೇ ತಿಂಗಳಲ್ಲಿ ಡಬ್ಬಿಯವರೆಗೆ ತಲುಪಿಸಿದಳು. ಸುದ್ದಿ ಬೀದಿಗೆ ಹಬ್ಬಿತು. ಕುತ್ತಿಗೆ ತಿರುಗದ ಬ್ರೆಡ್ಡಂಗಡಿಯವನು ಎರಡು ಬಿಸಿ ಬ್ರೆಡ್ಡು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ಸೊಸೆ ನಯವಾಗಿ ಇಲ್ಲ ಎಂದಳು. ನಂಬರ್ ಬಂದ ದಿನ ಮೊದಲು ನಿಮ್ಮ ಕುತ್ತಿಗೆಯೇ ಎಂದು ಮಾತು ಕೊಟ್ಟಳು. ಅವನು ಇಡೀ ಮೈಯನ್ನು ತಿರುಗಿಸಿಕೊಂಡು ಹೊರಟುಹೋದ. ಆಮೇಲೆ ಅವಳು ಒಳಗೆ ಹೋಗಿ ಒಗೆದ ಬಟ್ಟೆಗಳನ್ನು ಮಡಿಸಿದಳು, ಮಡಿಸಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಿಸಿದಳು.

ಒಂದು ರಾತ್ರಿ ಊಟದ ಹೊತ್ತಿಗೆ ಆ ಕಾನೂನನ್ನು ಅವಳೇ ಮುರಿದಳು. ಊರಿನ ದೊಡ್ಡಾಸ್ಪತ್ರೆಯವರು ಅವಳಿಗಾಗಿ ಇಟ್ಟಿದ್ದ ಜಾಗವನ್ನು ಮುಂದಿನ ತಿಂಗಳ ಹದಿನೈದರವರೆಗೆ ಮಾತ್ರ ಇಡುತ್ತಾರಂತೆ. ಹಳೆಯ ಆಸ್ಪತ್ರೆಯವರು ಅಲ್ಲಿಂದ ಕರೆಯುತ್ತಿದ್ದಾರಂತೆ, ಎರಡು ವರ್ಷದ ಕೆಲಸ. ಹದಿನೈದರೊಳಗೆ ನಂಬರ್ ಬರದಿದ್ದರೆ ಅವಳು ಹೋಗುತ್ತಾಳೆ. ಅವಳು ಇದನ್ನೆಲ್ಲ ಅಳುಕಿಲ್ಲದೆ ಹೇಳಿದಳು, ಬಹಳ ದಿನ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದಳೋ ಏನೋ.

"ನೀನೂ ಹೋಗ್ತೀಯೇನೋ?" ಎಂದು ಗೋಂದಪ್ಪನ ಹೆಂಡತಿ ಮಗನನ್ನು ಕೇಳಿದಳು.

"ನನಗೆ ಅಲ್ಲಿ ಮತ್ತೆ ಕೆಲಸದ ಪರವಾನಗಿ ಸಿಗಲ್ಲಮ್ಮ. ನಾನಿಲ್ಲಿ, ಅವಳಲ್ಲಿ. ರಜಾ ಸಿಕ್ಕಾಗ ಹೋಗಿ ಬರ್ತೀನಿ," ಎಂದ ಮಗ.

ಎರಡು ವರ್ಷ ಬೇರೆ ಬೇರೆ ಇರೋದಕ್ಕಾ ಮದುವೆಯಾಗಿದ್ದು ಎಂದು ಹೆಂಡತಿ ದನಿ ಏರಿಸಿದಳು. ಮಗ ತಟ್ಟೆ ಸರಿಸಿ ಎದ್ದ. ಗೋಂದಪ್ಪ ಎಂದೂ ಇಲ್ಲದವನು ಅಂದು ಬಾಯಿಯೇ ಬಿಡಲಿಲ್ಲ. ಮಗಳಿಲ್ಲದ ಮನೆಗೆ ಬಂದ ಈ ಹುಡುಗಿಯ ಮೇಲೆ ಅವನಿಗೆ ಜೀವವೇ ಇತ್ತು. ಪಾತ್ರೆಯನ್ನೆಲ್ಲ ತಾನೇ ತೊಳೆದು, ಒಂದು ಲೋಟವನ್ನು ಎರಡು ಸಲ ತೊಳೆದ.

ಮರುದಿನ ಸೊಸೆ ಮಂಡಳಿಯ ಕಚೇರಿಗೆ ಹೋದಳು. ಅಲ್ಲಿ ಮೂರು ಮೇಜುಗಳು. ಮೊದಲ ಮೇಜು ಕಾಗದ ತೆಗೆದುಕೊಳ್ಳುತ್ತದೆ, ಎರಡನೆಯದು ಪರೀಕ್ಷಿಸುತ್ತದೆ, ಮೂರನೆಯದು ಸಹಿ ಹಾಕುತ್ತದೆ. ಇಷ್ಟು ದಿನ ಅವಳನ್ನು ಮೊದಲ ಮೇಜಿನವನೇ, ಪರಿಶೀಲನೆಯಲ್ಲಿದೆ ಎಂದು ಹೇಳಿ ವಾಪಸು ಕಳಿಸುತ್ತಿದ್ದ. ಈ ಸಲ ಅವನು ಚಹಾ ಕುಡಿಯಲು ಹೋಗಿದ್ದ. ಅವಳು ಸೀದಾ ಎರಡನೆಯ ಮೇಜಿಗೆ ಹೋದಳು.

ಸಂಜೆ ಮನೆಗೆ ಬಂದವಳು, ಏನಾಯಿತೆಂದು ಕೇಳಿದವರಿಗೆಲ್ಲ, ಹಿಂಬದಿಯ ಮೊಹರುಗಳು ಸರಿಯಾಗಿ ಕಾಣಿಸುತ್ತಿಲ್ಲವಂತೆ ಎಂದಷ್ಟೇ ಹೇಳಿ ಕೋಣೆ ಸೇರಿದಳು. ಅವಳ ಗಂಡ ಬೆನ್ನಿಗೇ ಹೋಗಿ ಪೂರ್ತಿ ಕತೆ ಕೇಳಿಕೊಂಡು ಬಂದ. ಬಂದವನ ಮುಖ ಕೆಂಪಾಗಿತ್ತು.

"ಅಪ್ಪ, ನೀವು ಬೈಂಡು ಮಾಡಿಕೊಟ್ರಲ್ಲ, ಆ ಸರ್ಟಿಫಿಕೇಟುಗಳ ಹಿಂದುಗಡೆ ಏನಾದರೂ ಅಂಟಿಸಿದ್ರಾ?"

"ಅಂಟಿಸದೆ? ಏಳು ಹಾಳೆ, ಏಳು ಅಳತೆ. ಒಂದು ಉದ್ದ, ಒಂದು ಗಿಡ್ಡ. ಹಿಂದೆ ದಪ್ಪ ಕಾಗದ ಕೊಟ್ಟು ಎಲ್ಲಾನೂ ಒಂದೇ ಅಳತೆಗೆ ತಂದೆ. ಇಲ್ಲಾಂದ್ರೆ ಬೈಂಡು ಕೂರುತ್ತೇನೋ?"

"ಹಿಂದುಗಡೆ ಮೊಹರು ಇದ್ದದ್ದು ನೋಡಲಿಲ್ವಾ?"

ಗೋಂದಪ್ಪ ನೋಡಿದ್ದ. ಚೆನ್ನಾಗಿಯೇ ನೋಡಿದ್ದ. ಮುಂದೆ ಅಂದವಾದ ಅಕ್ಷರ, ಹಿಂದೆ ಯಾರೋ ಅಡ್ಡಾದಿಡ್ಡಿ ಗುದ್ದಿದ ನೇರಳೆ ಶಾಯಿಯ ಗುರುತು. ಇಂಥ ಒಳ್ಳೆಯ ಕಾಗದದ ಬೆನ್ನನ್ನು ಗಲೀಜು ಮಾಡಿದವರು ಯಾರೋ ಎಂದು ಬೈದುಕೊಂಡು, ಸೊಸೆಯ ಮರ್ಯಾದೆ ಉಳಿಯಲೆಂದು ಅದನ್ನು ಮುಚ್ಚಿದ್ದ. ಆ ಗಲೀಜೇ ಆ ದೇಶದ ಸರಕಾರ ಇದು ಅಸಲಿ ಎಂದು ಒತ್ತಿದ ಮುದ್ರೆ. ಅದು ಕಾಣದೆ ಹೋದ್ದರಿಂದ ಎರಡನೆಯ ಮೇಜಿನವರು, ಈ ಕಾಗದಗಳಲ್ಲಿ ಕೈವಾಡ ನಡೆದಿರಬಹುದು ಎಂದು ಷರಾ ಬರೆದು, ಆಕ್ಷೇಪಣೆಯ ಕಪಾಟಿಗೆ ಹಾಕಿದ್ದರು. ಅಲ್ಲಿ ಅದು ಏಳು ತಿಂಗಳಿಂದ ಕೂತಿತ್ತು. ಅದನ್ನು ಅರ್ಜಿದಾರರಿಗೆ ತಿಳಿಸಬೇಕಾಗಿದ್ದ ಗುಮಾಸ್ತ ನಿವೃತ್ತನಾಗಿದ್ದ, ಅವನ ಕುರ್ಚಿ ಇನ್ನೂ ಖಾಲಿ ಇತ್ತು.

ಹೆಂಡತಿ ಕೈಲಿದ್ದ ಸೂಜಿಯನ್ನು ಕೆಳಗಿಟ್ಟಳು. ಊರಿನ ಪುಸ್ತಕಕ್ಕೆಲ್ಲ ರಟ್ಟು ಹಾಕಿದ್ದು ಸಾಲದೆ ಸೊಸೆಯ ಬಾಳಿಗೂ ರಟ್ಟು ಹಾಕಿಬಿಟ್ಟಿರಿ ಎಂದಳು. ಹೊಲಿದುಕೊಟ್ಟವಳು ನೀನೇ ಅಲ್ಲವಾ ಎಂದು ಗೋಂದಪ್ಪ ಹೇಳಿ ನೋಡಿದ. ಅದು ಅಷ್ಟಾಗಿ ಕೆಲಸ ಮಾಡಲಿಲ್ಲ.

ಎರಡು ದಿನ ಅವನು ಅಂಗಡಿಯ ಕೋಣೆಯಿಂದ ಈಚೆಗೆ ಬರಲಿಲ್ಲ, ಊಟವೂ ಅಲ್ಲಿಯೇ. ಮೂರನೆಯ ದಿನ ಸೊಸೆ ಬೇಯಿಸಿದ ಮೊಟ್ಟೆ, ಬ್ರೆಡ್ಡು ಇದ್ದ ತಟ್ಟೆ ತಂದು ಒತ್ತುಯಂತ್ರದ ಪಕ್ಕ ಇಟ್ಟಳು. ಅವನು ಮುಖವೆತ್ತದೆ ಕೇಳಿದ.

"ನಿಂಗೆ ಗೊತ್ತಿತ್ತಲ್ಲವಾ ತಾಯಿ, ಹಾಗೆ ಅಂಟಿಸಬಾರದು ಅಂತ?"

"ಗೊತ್ತಿತ್ತು ಮಾವ."

"ಮತ್ತೆ ಹೇಳಬಾರದಾಗಿತ್ತಾ?"

"ನಾನು ಈ ಮನೆಗೆ ಬಂದು ಹತ್ತೊಂಬತ್ತು ದಿನ ಆಗಿತ್ತು. ನೀವು ಎರಡು ದಿನ ಕೂತು ಮಾಡಿದ್ರಿ. ಹೊದಿಕೆ ಮೇಲೆ ಚಿನ್ನದಕ್ಷರದಲ್ಲಿ ನನ್ನ ಹೆಸರು ಒತ್ತಿ ತಂದು ಕೈಗೆ ಕೊಟ್ರಿ. ಹಾಳುಮಾಡಿಬಿಟ್ರಿ ಅನ್ನೋಕೆ ಬಾಯಿ ಬರಲಿಲ್ಲ. ಪರವಾಗಿಲ್ಲ, ನಡೆಯುತ್ತೆ ಅಂದುಕೊಂಡೆ."

ಇಷ್ಟು ದಿನ ಆ ಹುಡುಗಿ ತನ್ನ ಮುಂದೆ ಹೂಂ ಅಂದದ್ದರಲ್ಲಿ ಇನ್ನೆಷ್ಟು ಊಹೂಂ ಇದ್ದವೋ ಎಂದು ಗೋಂದಪ್ಪನಿಗೆ ಮೊದಲ ಬಾರಿಗೆ ಹೊಳೆಯಿತು, ನಾಚಿಕೆಯೂ ಆಯಿತು.

"ಇನ್ನು ಮುಂದೆ ಹೇಳು. ಏನಿದ್ರೂ ಮುಖದ ಮೇಲೆ ಹೇಳು. ನಾನೇನೂ ಕರಗಿ ಹೋಗಲ್ಲ," ಎಂದ.

"ಹೇಳಲಾ?"

"ಹೇಳು."

"ಬೆಳಿಗ್ಗೆ ಐದೂವರೆಗೆ ನೀವು ರೇಡಿಯೋ ಹಾಕೋದು ನಂಗೆ ಆಗಲ್ಲ. ನೀವು ಮಾಡೋ ಚಹಾದಲ್ಲಿ ಹಿಟ್ಟಿನ ವಾಸನೆ ಬರುತ್ತೆ. ಕೂತು ಕೆಲಸ ಮಾಡೋವಾಗ ಬೆನ್ನು ಗೂನು ಮಾಡ್ಕೋತೀರಿ, ನೋಡಿ ನೋಡಿ ನನ್ನ ಬೆನ್ನೇ ನೋಯುತ್ತೆ."

ಗೋಂದಪ್ಪ ಬೆನ್ನು ನೆಟ್ಟಗೆ ಮಾಡಿ ಮೊಟ್ಟೆ ತಿಂದ. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಹೆಂಡತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಚಹಾದ ವಿಷಯವನ್ನು ಅವಳು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದಳು. ಅಂದಿನಿಂದ ಆ ಮನೆಯಲ್ಲಿ ದಿನಕ್ಕೆರಡು ಹೊಸ ಜಗಳಗಳು ಹುಟ್ಟಿಕೊಂಡವು. ಬೇಳೆಗೆ ಉಪ್ಪು ಹೆಚ್ಚೆಂದು ಸೊಸೆ, ಬಟ್ಟೆ ಒಣಹಾಕುವ ರೀತಿ ಅದಲ್ಲವೆಂದು ಅತ್ತೆ, ಇಬ್ಬರದೂ ತಪ್ಪೆಂದು ಹೇಳಲು ಹೋಗಿ ಇಬ್ಬರಿಂದಲೂ ಬೈಸಿಕೊಳ್ಳುವ ಮಗ. ಮನೆಯ ಗಾಳಿಯೇ ಹಗುರಾಯಿತು.

ಉಳಿದಿದ್ದು ಕಡತದ ಸಮಸ್ಯೆ. ಅದನ್ನು ಮನೆಗೆ ತಂದು ಸರಿಮಾಡಿಕೊಡೋಣವೆಂದರೆ, ಒಮ್ಮೆ ಒಳಗೆ ಹೋದ ಕಾಗದ ತೀರ್ಮಾನವಾಗುವವರೆಗೆ ಕಚೇರಿಯ ಹೊಸ್ತಿಲು ದಾಟುವಂತಿಲ್ಲ. ಅರ್ಜಿ ಹಿಂತೆಗೆದುಕೊಂಡರೆ ಕಾಗದ ಸಿಗುತ್ತದೆ, ಆದರೆ ಸರದಿಯ ಬಾಲಕ್ಕೆ ಹೋಗಿ ನಿಲ್ಲಬೇಕು. ಗೋಂದಪ್ಪ ನಿಯಮಗಳ ಪುಸ್ತಿಕೆಯನ್ನು ತರಿಸಿಕೊಂಡ. ಅದರ ಬೈಂಡು ಕಳಪೆಯಾಗಿದೆ ಎಂದು ಮೊದಲು ಮೂಗು ಮುರಿದು, ಆಮೇಲೆ ಕನ್ನಡಕ ಹಾಕಿಕೊಂಡು ಓದಿದ. ಅರ್ಜಿದಾರರು ಗುರುವಾರದ ದಿನ ಹನ್ನೊಂದರಿಂದ ಒಂದರವರೆಗೆ, ಸಿಬ್ಬಂದಿಯ ಎದುರಿನಲ್ಲಿ, ತಮ್ಮ ಕಡತವನ್ನು ಪರಿಶೀಲಿಸಬಹುದು. ಜೊತೆಗೆ ಒಬ್ಬ ಸಹಾಯಕನನ್ನು ಕರೆತರಬಹುದು. ಹಾಳೆಯನ್ನು ಹರಿಯುವಂತಿಲ್ಲ, ಅದರ ಮೇಲೆ ಬರೆಯುವಂತಿಲ್ಲ, ಒಯ್ಯುವಂತಿಲ್ಲ.

"ಅಂಟು ಬಿಡಿಸುವಂತಿಲ್ಲ ಅಂತ ಎಲ್ಲೂ ಬರೆದಿಲ್ಲ," ಎಂದು ಅವನು ಪುಸ್ತಿಕೆಯನ್ನು ಮಗನ ಮುಂದೆ ಕುಕ್ಕಿದ.

ಮೈದಾ ಅಂಟಿನ ಗುಣವೇ ಅದು, ತೇವ ಕೊಟ್ಟರೆ ಬಿಟ್ಟುಕೊಡುತ್ತದೆ. ಗೋಂದು ಹಾಕಿದ್ದರೆ ಕತೆ ಮುಗಿದಿತ್ತು. ಆದರೆ ತೇವ ಹೆಚ್ಚಾದರೆ ಮೊಹರಿನ ಶಾಯಿ ಹರಡುತ್ತದೆ, ಕಡಿಮೆಯಾದರೆ ಕಾಗದ ಹರಿಯುತ್ತದೆ. ಅಭ್ಯಾಸವಾಗಲೆಂದು ಮಗ ತನ್ನ ಕಂಪನಿಯ ರಬ್ಬರ್ ಮೊಹರನ್ನು ತಂದು ಹಳೆಯ ಹಾಳೆಗಳ ಬೆನ್ನಿಗೆ ಗುದ್ದಿದ, 'ಲಿಫ್ಟ್ ಸುಸ್ಥಿತಿಯಲ್ಲಿದೆ' ಎಂದು. ಅದರ ಮೇಲೆ ಅಪ್ಪ ದಪ್ಪ ಕಾಗದ ಅಂಟಿಸಿ, ಒಣಗಿಸಿ, ಬಿಡಿಸಿದ. ಮೊದಲನೆಯ ಲಿಫ್ಟು ನೇರಳೆ ಕೆಸರಾಯಿತು. ಎರಡನೆಯದು ಅರ್ಧಕ್ಕೆ ಹರಿಯಿತು. ಮೈದಾ ಡಬ್ಬಿ ಖಾಲಿಯಾಯಿತು. ಹೆಂಡತಿ ಈ ಸಲ ಕೇಳದೆಯೇ ಇನ್ನೊಂದು ಪೊಟ್ಟಣ ತಂದಿಟ್ಟಳು. ಎರಡು ವಾರ ಹೀಗೆ ನಡೆದ ಮೇಲೆ ಅಳತೆ ಸಿಕ್ಕಿತು. ಚೆನ್ನಾಗಿ ಹಿಂಡಿದ ಉಣ್ಣೆಯ ಬಟ್ಟೆಯನ್ನು ಹೊರಗಿನ ದಪ್ಪ ಕಾಗದದ ಮೇಲೆ ಮಾತ್ರ ಹಾಸಿ, ಮುಕ್ಕಾಲು ಗಂಟೆ ಸುಮ್ಮನೆ ಬಿಡಬೇಕು.

"ಅವಸರ ಮಾಡಬಾರದು. ಅಂಟು ತಾನಾಗೇ ಬಿಡೋವರೆಗೆ ಕಾಯಬೇಕು," ಎಂದು ಅವನು ಸೊಸೆಗೆ ವಿವರಿಸಿದ.

"ಕಾಯೋದಾ? ಅದೊಂದು ನಂಗೆ ಬಿಡಿ ಮಾವ, ಅದರಲ್ಲಿ ನಾನು ಪಳಗಿಬಿಟ್ಟಿದ್ದೀನಿ," ಎಂದಳು ಅವಳು.

ತಿಂಗಳ ಎರಡನೆಯ ತಾರೀಖು ಗುರುವಾರ. ಮಾವ ಸೊಸೆ ಒಂದು ಚೀಲದಲ್ಲಿ ಉಣ್ಣೆಯ ಬಟ್ಟೆ, ಒರೆಸುವ ಕಾಗದ, ಒಂದು ಬಾಟಲಿ ನೀರು, ಹಾಳೆ ಎಬ್ಬಿಸುವ ಮೂಳೆಯ ಪಟ್ಟಿ ತುಂಬಿಕೊಂಡು ಹೊರಟರು. ಎರಡನೆಯ ಮೇಜಿನಲ್ಲಿ ಕೂತಿದ್ದವಳು ಐವತ್ತು ದಾಟಿದ ಹೆಂಗಸು. ಸುತ್ತಲೂ ಕಡತಗಳ ರಾಶಿ, ಅದರ ನಡುವೆ ಅವಳ ಊಟದ ಡಬ್ಬಿ. ಗೋಂದಪ್ಪ ತಾನು ಯಾರು, ಏನು ಮಾಡಿಬಿಟ್ಟೆ, ಯಾಕೆ ಮಾಡಿದೆ ಎಂಬುದನ್ನು ಒಂದನ್ನೂ ಮುಚ್ಚಿಡದೆ ಹೇಳಿದ. ಅವಳು ಕಡತವನ್ನು ತರಿಸಿ ಮೇಜಿನ ಮೇಲಿಟ್ಟಳು. ಕೆಂಪು ಬಟ್ಟೆಯ ಹೊದಿಕೆ, ಚಿನ್ನದಕ್ಷರ. ಅವಳ ಬೆರಳು ತನಗೆ ತಿಳಿಯದೆಯೇ ಅದರ ಅಂಚನ್ನು ಸವರಿತು.

"ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೆಂದದ ಅರ್ಜಿ ನಾನು ನೋಡಿಲ್ಲ. ಅದಕ್ಕೇ ನಂಗೆ ಅನುಮಾನ ಬಂದದ್ದು," ಎಂದಳು.

ಗೋಂದಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಯಮದ ಪುಟವನ್ನು ಅವಳ ಮುಂದೆ ತೆರೆದಿಟ್ಟ. ಅವಳು ಮೂರು ಸಲ ಓದಿದಳು, ಮೂರನೆಯ ಮೇಜಿನ ಖಾಲಿ ಕುರ್ಚಿಯ ಕಡೆ ನೋಡಿದಳು. ಒಂದು ಹಾಳೆ ಹರಿದರೂ ಅರ್ಜಿ ವಜಾ ಎಂದು ಎಚ್ಚರಿಸಿ, ತನ್ನ ಊಟದ ಡಬ್ಬಿಯನ್ನು ಎತ್ತಿ ಜಾಗ ಮಾಡಿಕೊಟ್ಟಳು.

ಹೊಲಿಗೆಯ ದಾರವನ್ನು ಕತ್ತರಿಸಿ ಹಾಳೆಗಳನ್ನು ಬಿಡಿ ಮಾಡಿದ್ದಾಯಿತು. ಏಳನ್ನೂ ಸಾಲಾಗಿ ಮಲಗಿಸಿ ಬಟ್ಟೆ ಹಾಸಿದ್ದಾಯಿತು. ಮುಕ್ಕಾಲು ಗಂಟೆ ಮೂವರೂ ಗೋಡೆ ಗಡಿಯಾರ ನೋಡುತ್ತ ಕೂತರು. ಕೊನೆಗೆ ಗೋಂದಪ್ಪ ಮೂಳೆಯ ಪಟ್ಟಿಯನ್ನು ಮೊದಲ ಹಾಳೆಯ ಮೂಲೆಗೆ ತೂರಿಸಲು ಹೋದ. ನಲವತ್ತೊಂದು ವರ್ಷ ನಡುಗದ ಕೈ ಆ ಹೊತ್ತಿಗೆ ನಡುಗಿತು. ಇನ್ನೊಮ್ಮೆ ತೂರಿಸಿ ನೋಡಿದ, ಮತ್ತೂ ನಡುಗಿತು. ಹುಡುಗಿಯ ಬದುಕೇ ಆ ಮೂಲೆಯಲ್ಲಿ ಕೂತಿದೆ ಎನ್ನಿಸಿತು.

"ಮಾವ, ನೀವು ಹೇಳ್ತಾ ಹೋಗಿ. ಎತ್ತೋದು ನಾನು," ಎಂದು ಸೊಸೆ ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

ಮರಗಟ್ಟಿದ ಭುಜವನ್ನು ಕೂದಲೆಳೆಯಷ್ಟೇ ಮೇಲೆತ್ತಿ, ನಿಲ್ಲಿಸಿ, ಮತ್ತೆ ಎತ್ತುವುದನ್ನು ಕಲಿತ ಬೆರಳುಗಳು ಅವು. ಅವನು ಮೆಲ್ಲಗೆ ಹೇಳುತ್ತ ಹೋದ. ಈಗ ನಿಲ್ಲಿಸು, ಉಸಿರು ಬಿಡು, ಎಡಕ್ಕೆ, ಸಾಕು. ದಪ್ಪ ಕಾಗದ ಸುರುಳಿಯಾಗಿ ಏಳುತ್ತ ಬಂದಂತೆ ಅಡಿಯಿಂದ ನೇರಳೆ ಬಣ್ಣದ ದುಂಡು ಗುರುತಿನ ಅಂಚು ಕಾಣಿಸಿತು, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಒಂದಕ್ಷರವೂ ಕದಡಿರಲಿಲ್ಲ. ಅಕ್ಕಪಕ್ಕದವರು ಕೆಲಸ ಬಿಟ್ಟು ಬಂದು ಸುತ್ತುವರಿದರು. ಮೊದಲ ಮೇಜಿನವನು ಎರಡನೆಯ ಮೊಹರು, ಮೂರನೆಯ ಮೊಹರು ಎಂದು ಎಣಿಸತೊಡಗಿದ. ಆರನೆಯದು ಸ್ವಲ್ಪ ಹರಡಿತ್ತು, ಆದರೂ ಸಂಖ್ಯೆ ಓದಬಹುದಾಗಿತ್ತು. ಒಂದಕ್ಕೆ ಐದು ನಿಮಿಷವಿದ್ದಾಗ ಏಳನೆಯದೂ ಎದ್ದಿತು. ಎರಡನೆಯ ಮೇಜಿನವಳು ಭೂತಗನ್ನಡಿ ಹಿಡಿದು ಒಂದೊಂದನ್ನೇ ತಾಳೆ ನೋಡಿ, ಹಳೆಯ ಷರಾವನ್ನು ಹೊಡೆದುಹಾಕಿ, ಸರಿಯಿದೆ ಎಂದು ಬರೆದಳು. ಮುಂದಿನದು ಮೂರನೆಯ ಮೇಜಿನ ಸಹಿ, ಅವರು ಮಂಗಳವಾರ ಮಾತ್ರ ಬರುತ್ತಾರೆ ಎಂದೂ ಹೇಳಿದಳು.

ಮೊದಲ ಮಂಗಳವಾರ ಅವರು ಬರಲಿಲ್ಲ, ಜ್ವರವಂತೆ. ಸೊಸೆ ವಿಮಾನದ ಟಿಕೆಟ್ಟು ಕೊಂಡಳು. ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಮಗ ಅದರ ಕೀಲಿಗೆ ಎಣ್ಣೆ ಬಿಟ್ಟುಕೊಟ್ಟ, ಆಮೇಲೆ ಚಹಾ ಕೂಡ ಕುಡಿಯದೆ ಕೆಲಸಕ್ಕೆ ಹೋದ. ಅತ್ತೆ ಮಾತ್ರ ಬೆಳಿಗ್ಗೆ ಚಹಾಕ್ಕೆ ಮುಂಚೆ ಎಂದಿನಂತೆ ಸೊಸೆಗೆ ಭುಜ ತೋರಿಸುತ್ತಿದ್ದಳು. ವಾಸಿಯಾದ ಭುಜಕ್ಕೆ ಈಗ ಮತ್ತೆ ನೋವು ಹೇಗೆ ಬಂತೆಂದು ಗೋಂದಪ್ಪ ಕೇಳಿದರೆ ಕೆಕ್ಕರಿಸಿ ನೋಡುತ್ತಿದ್ದಳು. ಹದಿಮೂರರ ರಾತ್ರಿ ಊಟಕ್ಕೆ ಕೂತಾಗ ಗೋಂದಪ್ಪ ಸೊಸೆಗೆ ಹೇಳಿದ.

"ನಂಬರ್ ಬರದೇ ಹೋದ್ರೆ ನೀನು ಹೋಗಮ್ಮ. ಇಲ್ಲಿ ಕೂತು ಬಟ್ಟೆ ಮಡಿಸ್ತಾ ಇರೋದನ್ನ ನಾನು ನೋಡಲಾರೆ. ನಮಗೆ ಬೇಜಾರಾಗುತ್ತೆ ಅಂತ ಮಾತ್ರ ನಿಲ್ಲಬೇಡ."

"ಬೇಜಾರಾಗುತ್ತಾ?"

"ಆಗುತ್ತೆ. ಬಹಳ ಆಗುತ್ತೆ."

ಅವಳು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಅಂದು ಪಾತ್ರೆಯ ಮಾತನ್ನು ಯಾರೂ ಎತ್ತಲಿಲ್ಲ.

ಹದಿನಾಲ್ಕರ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಎರಡನೆಯ ಮೇಜಿನವಳೇ ಮಾಡಿದ್ದಳು, ಪತ್ರ ಬರಲು ಹತ್ತು ದಿನವಾದೀತು, ನಂಬರ್ ಬರೆದುಕೊಳ್ಳಿ ಎಂದು. ಸೊಸೆ ಅಂಕಿಗಳನ್ನು ಗಟ್ಟಿಯಾಗಿ ಹೇಳುತ್ತ ಹೋದಳು. ಬರೆಯಲು ಏನೂ ಸಿಗದೆ ಗೋಂದಪ್ಪ ತನ್ನ ಅಂಗೈ ಮೇಲೇ ಬರೆದುಕೊಂಡ. ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಸ್ಪತ್ರೆಗೆ ಫೋನು ಮಾಡಿ, ಟಿಕೆಟ್ಟು ರದ್ದು ಮಾಡಿ, ಗಂಡನಿಗೆ ಸುದ್ದಿ ಹೇಳುವಷ್ಟರಲ್ಲಿ ಸೊಸೆಯ ದನಿ ಬಿದ್ದುಹೋಗಿತ್ತು. ಯಾವುದೋ ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿದ್ದ ಮಗ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿಬಂದ.

ಮುಂದಿನ ಸೋಮವಾರ ಅವಳು ಕೆಲಸಕ್ಕೆ ಹೋದಳು. ಸರದಿಯಲ್ಲಿ ಮೊದಲು ಕೂತಿದ್ದವನು ಬ್ರೆಡ್ಡಂಗಡಿಯವನು. ಮನೆಯಲ್ಲಿ ಅಂದು ಹೊತ್ತಿಗೆ ಸರಿಯಾಗಿ ಒಂದೂ ನಡೆಯಲಿಲ್ಲ. ಬಟ್ಟೆ ಒಗೆಯಲು ಹೋದ ಗೋಂದಪ್ಪ ಸೋಪಿನ ಪುಡಿ ಎಲ್ಲಿದೆಯೆಂದು ಹುಡುಕುವುದರಲ್ಲೇ ಮಧ್ಯಾಹ್ನ ಮಾಡಿದ, ಅತ್ತೆಯ ಬೇಳೆ ಸೀದುಹೋಯಿತು. ಏಳಕ್ಕೆ ಬಂದ ಸೊಸೆ ಹದಿನೇಳು ಜನ ರೋಗಿಗಳು ಎಂದಷ್ಟೇ ಹೇಳಿ ಊಟಕ್ಕೆ ಕೂತಳು. ಅತ್ತೆ ಒಳಗಿನಿಂದ ನೀರು ತರುವಷ್ಟರಲ್ಲಿ, ಕಲಸಿದ ಅನ್ನ ತಟ್ಟೆಯಲ್ಲಿ ಹಾಗೇ ಇದ್ದು, ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು.

ಎಬ್ಬಿಸ್ತೀನಿ, ಅರ್ಧ ಊಟದಲ್ಲಿ ಮಲಗಬಾರದು ಎಂದು ಹೆಂಡತಿ ಕೈ ಮುಂದೆ ಮಾಡಿದಳು. ಗೋಂದಪ್ಪ ಆ ಕೈ ಹಿಡಿದುಕೊಂಡ.

"ಬಿಡೇ, ಮಲಗಲಿ. ಎದ್ದ ಮೇಲೆ ತಿಂತಾಳೆ," ಎಂದ. "ಎಲ್ಲಿಗೆ ಹೋಗ್ತಾಳೆ, ಇಲ್ಲೇ ಇರ್ತಾಳಲ್ಲ."